ಕಲ್ಲಿನ ಪಾಗಾರ ಮತ್ತು ಆರು ಮೀಟರ್: ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಜಿಯೋಕ್ಯಾಶಿಂಗ್

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀವಿ. ಹೋದ ಸೆಪ್ಟೆಂಬರ್‌ನ ಒಂದು ಶನಿವಾರ, ಸ್ವೀಡನ್ನಿನ ಉಪ್ಸಾಲ ನಗರದಿಂದ ಉತ್ತರಕ್ಕೆ ಹೋಗುವ ಬಸ್ಸು ಹತ್ತಿ, ಹೊಲಗಳ ನಡುವೆ ಇಳಿದು, ಯಾರದೋ ಜಮೀನಿನ ಕಲ್ಲಿನ ಪಾಗಾರದಿಂದ ನಾವು ಮೂರು ಕಲ್ಲು ಕಿತ್ತೆವು. ಕದಿಯೋಕಲ್ಲ. ನಮ್ಮ ಫೋನು “ನೀವು ಹುಡುಕುತ್ತಿರುವ ಡಬ್ಬಿ ಇಲ್ಲೇ ಇದೆ” ಅಂತ ತೋರಿಸುತ್ತಿತ್ತು, ನಾವು ಫೋನನ್ನು ನಂಬಿದೆವು. ಡಬ್ಬಿ ಅಲ್ಲಿರಲಿಲ್ಲ. ನಾಲ್ಕನೇ ಕಲ್ಲಿಗೆ ಕೈ ಹಾಕುವಾಗ ಹಿಂದೆ ಟ್ರ್ಯಾಕ್ಟರ್ ನಿಂತ ಸದ್ದಾಯ್ತು.

ಆ ಟ್ರ್ಯಾಕ್ಟರಿನಿಂದ ಇಳಿದವರ ಕಥೆಗೆ ಆಮೇಲೆ ಬರ್ತೀವಿ. ಮೊದಲು, ಫೋನು ಯಾಕೆ ತಪ್ಪು ಹೇಳಿತು? ಹಾಗೆ ನೋಡಿದ್ರೆ ಅದು ತಪ್ಪು ಹೇಳಲೇ ಇಲ್ಲ. ನಾವೇ ಅದರ ಮಾತನ್ನ ತಪ್ಪಾಗಿ ಕೇಳಿಸ್ಕೊಂಡಿದ್ವಿ.

ಜಿಯೋಕ್ಯಾಶಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇಟ್ಟು, ಕಾಡಲ್ಲೋ ಬಂಡೆಯ ಸಂದಿಯಲ್ಲೋ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನ ಅಂತರ್ಜಾಲದಲ್ಲಿ ಹಾಕ್ತಾರೆ. ಉಳಿದವರು ಜಿಪಿಎಸ್ ಹಿಡ್ಕೊಂಡು ಹೋಗಿ ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನ ಇದ್ದ ಹಾಗೇ ಇಟ್ಟು ಬರ್ತಾರೆ. ಇಷ್ಟೇ ಆಟ. ಡಬ್ಬಿಗೆ ಕ್ಯಾಶ್ ಅಂತಾರೆ. ದುಡ್ಡಿನ ಕ್ಯಾಶ್ ಅಲ್ಲ, ಬಚ್ಚಿಟ್ಟ ದಾಸ್ತಾನು ಅನ್ನೋ ಅರ್ಥದ ಇನ್ನೊಂದು ಪದ. ನಮ್ಮಲ್ಲೊಬ್ಬರ ಅತ್ತೆ ಸಾಗರದ ಕಡೆಯವರು, ಮೂರು ತಿಂಗಳಿಗೆ ಅಂತ ಮಗಳ ಮನೆಗೆ ಬಂದಿದ್ದರು. ಅವರಿಗೆ ಇದನ್ನ ವಿವರಿಸಿದಾಗ ಮೊದಲು ಕೇಳಿದ್ದು, “ಹಂಗಾದ್ರೆ ನಿಧಿಗಳ್ಳರ ಕೆಲಸ ಅಲ್ದಾ ಇದು?” ಅಂತ.

ನಗಬೇಡಿ, ಪ್ರಶ್ನೆ ಸರಿಯಾಗೇ ಇದೆ. ಕರ್ನಾಟಕದ ಹಳ್ಳಿಯೊಂದರಲ್ಲಿ ನಾಲ್ಕು ಜನ ಅಪರಿಚಿತರು ಕೈಯಲ್ಲೊಂದು ಯಂತ್ರ ಹಿಡ್ಕೊಂಡು ಹಾಳು ದೇವಸ್ಥಾನದ ಹಿಂದೆ, ವೀರಗಲ್ಲಿನ ಪಕ್ಕ ತಡಕಾಡಿದರೆ ಊರವರು ಏನಂದುಕೊಳ್ತಾರೆ? ನಿಧಿ ಆಸೆಗೆ ಅಗೆದು ಕೆಡವಿದ ಗುಡಿಗಳು, ಉರುಳಿಸಿದ ಕಲ್ಲುಗಳು ನಮ್ಮಲ್ಲಿ ಕಮ್ಮಿ ಏನಿಲ್ಲ. ಸ್ವೀಡನ್ನಿನ ರೈತನಿಗೂ ದೂರದಿಂದ ನಾವು ಹಾಗೇ ಕಂಡಿರಬೇಕು.

ಈ ಆಟ ಹುಟ್ಟಿದ ದಿನ ನಮಗೆ ನಿಖರವಾಗಿ ಗೊತ್ತು. ಅಮೆರಿಕದ ಸೇನೆ ನಡೆಸುವ ಜಿಪಿಎಸ್‌ನಲ್ಲಿ 2000ದ ಮೇ ತಿಂಗಳವರೆಗೆ ಜನಸಾಮಾನ್ಯರ ಸಂಕೇತಕ್ಕೆ ಬೇಕಂತಲೇ ಕಲಬೆರಕೆ ಮಾಡ್ತಿದ್ದರು. ಆಗ ನಿಮ್ಮ ಉಪಕರಣ ನೂರು ಮೀಟರಿನಷ್ಟು ತಪ್ಪಬಹುದಿತ್ತು. 2000ದ ಮೇ 2ರಂದು ಆ ಕಲಬೆರಕೆ ನಿಂತಿತು, ತಪ್ಪು ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನ, ಮೇ 3ಕ್ಕೆ, ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, “ಹುಡುಕಿ ನೋಡೋಣ” ಅಂತ ಅದರ ನಿರ್ದೇಶಾಂಕಗಳನ್ನ ಪ್ರಕಟಿಸಿದ. ಇವತ್ತು ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ.

ಸ್ವೀಡನ್ನಿನಲ್ಲಿ ಇದು ಸಲೀಸಾಗಿ ಬೇರೂರಿದ್ದಕ್ಕೆ ಕಾರಣ ಹುಡುಕೋದು ಕಷ್ಟ ಅಲ್ಲ. ಭೂಪಟ ಹಿಡಿದು ಕಾಡಲ್ಲಿ ಗುರುತು ಹುಡುಕುವ ಓರಿಯೆಂಟಿಯರಿಂಗ್ ಕ್ರೀಡೆ ಬೆಳೆದದ್ದೇ ಇಲ್ಲಿ. 1919ರಲ್ಲಿ ಎರ್ನ್ಸ್ಟ್ ಶಿಲಾಂಡರ್ ಎಂಬ ಸೇನಾಧಿಕಾರಿ ಸ್ಟಾಕ್‌ಹೋಮ್ ಹತ್ತಿರ ನಡೆಸಿದ ಓಟವನ್ನ ಆಧುನಿಕ ಓರಿಯೆಂಟಿಯರಿಂಗ್‌ನ ಆರಂಭ ಅಂತ ಎಣಿಸ್ತಾರೆ. ಇನ್ನೊಂದು ಕಾರಣ, ಇಲ್ಲಿನ ಅಲ್ಲೆಮನ್ಸ್‌ರೆಟ್ಟೆನ್, ಅಂದರೆ ಎಲ್ಲರ ಹಕ್ಕು. ಅದರ ಮಾತು ಸ್ವಲ್ಪ ಹೊತ್ತಲ್ಲಿ.

ಈಗ ಫೋನಿಗೆ ಬರೋಣ. ಗುಡುಗಿನ ಲೆಕ್ಕ ನಿಮಗೆ ಗೊತ್ತಿರುತ್ತೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತೆ. ಜಿಪಿಎಸ್ ಮಾಡೋದೂ ಇದನ್ನೇ, ಶಬ್ದದ ಬದಲು ರೇಡಿಯೋ ಅಲೆಯಲ್ಲಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಪ್ರತಿ ಉಪಗ್ರಹವೂ “ನಾನು ಇಲ್ಲಿದ್ದೀನಿ, ಈಗ ಸಮಯ ಇಷ್ಟು” ಅಂತ ಸಾರುತ್ತಾ ಇರುತ್ತೆ. ಆ ಮಾತು ತಲುಪೋಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ದೂರ ಗೊತ್ತಾಗುತ್ತೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ನಿಮ್ಮ ಜಾಗ ಸಿಗಬೇಕು. ಆದರೆ ನಿಮ್ಮ ಫೋನಿನ ಗಡಿಯಾರ ಅಗ್ಗದ್ದು, ಅದರ ತಪ್ಪನ್ನೂ ಕಂಡುಹಿಡಿಯೋಕೆ ನಾಲ್ಕನೆಯ ಉಪಗ್ರಹ ಬೇಕು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, 30 ಸೆಂಟಿಮೀಟರ್ ಹೋಗುತ್ತೆ. ಇಪ್ಪತ್ತು ನ್ಯಾನೋಸೆಕೆಂಡ್ ಆಚೀಚೆ ಆಯ್ತೋ, ನೀವು ಆರು ಮೀಟರ್ ತಪ್ಪಿದ್ರಿ.

ಐನ್‌ಸ್ಟೈನ್ ಕೂಡ ಈ ಆಟದಲ್ಲಿ ಪಾಲುದಾರ. ಉಪಗ್ರಹದ ವೇಗದಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ನಿಧಾನ ಆಗುತ್ತೆ, ಅಷ್ಟು ಎತ್ತರದಲ್ಲಿ ಗುರುತ್ವ ಕಮ್ಮಿ ಇರೋದರಿಂದ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಕೂಡಿ ಕಳೆದರೆ 38 ಮೈಕ್ರೋಸೆಕೆಂಡ್ ಮುಂದೆ. ಇದನ್ನ ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕ ಒಂದೇ ದಿನದಲ್ಲಿ 11 ಕಿಲೋಮೀಟರಿನಷ್ಟು ಎಡವಟ್ಟಾಗುತ್ತೆ.

ಉತ್ತರದ ದೇಶಕ್ಕೆ ಬಂದ ಕನ್ನಡಿಗರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಜಿಪಿಎಸ್ ಉಪಗ್ರಹಗಳ ಕಕ್ಷೆ ಭೂಮಧ್ಯರೇಖೆಗೆ 55 ಡಿಗ್ರಿ ಓರೆಯಾಗಿದೆ. ಅಂದರೆ ಅವು 55 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರಕ್ಕೆ ನೆತ್ತಿಯ ಮೇಲೆ ಬರೋದೇ ಇಲ್ಲ. ಬೆಂಗಳೂರು 13 ಡಿಗ್ರಿಯಲ್ಲಿದೆ, ಅಲ್ಲಿ ಉಪಗ್ರಹಗಳು ತಲೆಯ ಮೇಲೇ ಹಾದು ಹೋಗ್ತವೆ. ಉಪ್ಸಾಲ ಸುಮಾರು 60 ಡಿಗ್ರಿ. ಅಲ್ಲಿ ಆಕಾಶದ ಉತ್ತರ ಭಾಗದಲ್ಲಿ ಒಂದು ದೊಡ್ಡ ಖಾಲಿ ಜಾಗ, ಅದರೊಳಗೆ ಯಾವ ಜಿಪಿಎಸ್ ಉಪಗ್ರಹವೂ ಕಾಣಿಸ್ಕೊಳ್ಳಲ್ಲ. ಹಾಗಾಗಿ ನಿಮ್ಮ ದಕ್ಷಿಣಕ್ಕೆ ದಟ್ಟವಾದ ಸ್ಪ್ರೂಸ್ ಮರಗಳಿದ್ದರೆ ಕಥೆ ಕಷ್ಟ. ರಷ್ಯಾದ ಗ್ಲೊನಾಸ್ ಉಪಗ್ರಹಗಳ ಕಕ್ಷೆ ಸುಮಾರು 65 ಡಿಗ್ರಿ ಓರೆ. ಉತ್ತರದ ದೇಶ, ಉತ್ತರಕ್ಕೆ ತಕ್ಕ ಕಕ್ಷೆ. ಈಗಿನ ಫೋನುಗಳು ಇವೆಲ್ಲವನ್ನೂ, ಯುರೋಪಿನ ಗೆಲಿಲಿಯೋವನ್ನೂ ಸೇರಿಸಿ ಕೇಳಿಸ್ಕೊಳ್ತವೆ, ಅದಕ್ಕೇ ನಡೀತಿದೆ.

ಇನ್ನೊಂದು ತಮಾಷೆ. ಕ್ಯಾಶ್‌ಗಳ ನಿರ್ದೇಶಾಂಕವನ್ನ ಡಿಗ್ರಿ ಮತ್ತು ನಿಮಿಷದಲ್ಲಿ, ನಿಮಿಷವನ್ನ ಮೂರು ದಶಾಂಶದವರೆಗೆ ಬರೀತಾರೆ. ಅಕ್ಷಾಂಶದ ಆ ಕೊನೆಯ ಅಂಕಿ ಒಂದು ಬದಲಾದರೆ ಸುಮಾರು 1.85 ಮೀಟರ್ ಸರಿದಂತೆ. ರೇಖಾಂಶದ ಕೊನೆಯ ಅಂಕಿಯಾದರೆ ಬೆಂಗಳೂರಿನಲ್ಲಿ 1.8 ಮೀಟರ್, ಉಪ್ಸಾಲದಲ್ಲಿ ಬರೀ 0.93 ಮೀಟರ್. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗ್ತಾ ಬರ್ತವಲ್ಲ, ಅದಕ್ಕೆ. ಊರಲ್ಲಿ ನಡೆದು ನಡೆದು ಕಾಲಿಗೆ ಅಭ್ಯಾಸವಾದ ಅಂದಾಜು ಇಲ್ಲಿ ಪೂರ್ವ ಪಶ್ಚಿಮಕ್ಕೆ ಅರ್ಧಕ್ಕರ್ಧ ತಪ್ಪುತ್ತೆ.

ಸರಿ, ಆವತ್ತಿನ ಲೆಕ್ಕ ಹಾಕೋಣ. ಡಬ್ಬಿ ಇಟ್ಟವರು ಅಳತೆ ತೆಗೆದುಕೊಂಡಾಗ ಅವರ ಉಪಕರಣ ನಾಲ್ಕು ಮೀಟರ್ ತಪ್ಪಿರಬಹುದು. ಒದ್ದೆ ಎಲೆಗಳಡಿ ನಿಂತ ನಮ್ಮ ಫೋನು ಐದು ಮೀಟರ್ ತಪ್ಪಿರಬಹುದು. ಒಟ್ಟು ಒಂಬತ್ತಾ? ಅಲ್ಲ. ಎರಡು ತಪ್ಪೂ ಒಂದೇ ದಿಕ್ಕಿಗಿರೋದು ಅಪರೂಪ, ಅದಕ್ಕೆ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೀತೀವಿ. 16 ಮತ್ತು 25, ಕೂಡಿದರೆ 41, ಅದರ ವರ್ಗಮೂಲ ಸುಮಾರು 6.4. ಅಂದರೆ ಫೋನಿನಲ್ಲಿ ಬಾಣ ಸೊನ್ನೆ ಮೀಟರ್ ಅಂತ ತೋರಿಸಿದಾಗ ಅದರ ನಿಜವಾದ ಅರ್ಥ, “ಇಲ್ಲಿಂದ ಆರು ಮೀಟರ್ ಸುತ್ತಳತೆಯಲ್ಲಿ ಎಲ್ಲೋ ಇರಬಹುದು” ಅಂತ. ಆರು ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 113 ಚದರ ಮೀಟರ್. ಬೆಂಗಳೂರಿನವರಿಗೆ ತಟ್ಟನೆ ಅರ್ಥವಾಗಬೇಕೆಂದರೆ ಒಂದು ತರ್ಟಿ-ಫಾರ್ಟಿ ಸೈಟು. ಅಷ್ಟು ಜಾಗದಲ್ಲಿ ಬೆರಳುದ್ದದ ಒಂದು ಕೊಳವೆ.

ಮನುಷ್ಯನ ಬುದ್ಧಿ ಏನು ಮಾಡುತ್ತೆ ಗೊತ್ತಾ? ಆ ಇಡೀ ಸೈಟನ್ನ ಮರೆತು, ಅದರಲ್ಲಿ ಕಣ್ಣಿಗೆ ಎದ್ದು ಕಾಣುವ ಒಂದೇ ಒಂದು ವಸ್ತುವಿಗೆ ಅಂಟಿಕೊಳ್ಳುತ್ತೆ. ನಮಗೆ ಕಂಡದ್ದು ಪಾಗಾರ. ಕಲ್ಲುಗಳ ಮಧ್ಯೆ ನೂರಾರು ಸಂದಿ. ಇಲ್ಲೇ ಇರಬೇಕು ಅಂತ ತೀರ್ಮಾನ ಆಗೇ ಹೋಯ್ತು.

ಈಗ ಆ ಪಾಗಾರದ ವಿಷಯ. ಸ್ವೀಡನ್ನಿನ ಹೊಲಗಳಲ್ಲಿ ಕಲ್ಲು ಮುಗಿಯೋದೇ ಇಲ್ಲ. ಹಿಮಯುಗದ ಮಂಜಿನ ಹಾಳೆ ಬಂಡೆಗಳನ್ನ ಒಡೆದು, ಉಜ್ಜಿ, ಹೊತ್ತು ತಂದು, ಕರಗುವಾಗ ಅಲ್ಲೇ ಸುರಿದು ಹೋಗಿದೆ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲೂ ಜೊತೆಗೆ ಮೇಲೇಳುತ್ತೆ. ಬೇಸಿಗೆಯಲ್ಲಿ ಮಣ್ಣು ಇಳಿಯುವಾಗ ಕಲ್ಲಿನ ಕೆಳಗಿನ ಪೊಳ್ಳಿಗೆ ಸಣ್ಣ ಮಣ್ಣು ಜಾರಿ ತುಂಬುತ್ತೆ, ಕಲ್ಲು ವಾಪಸ್ ಇಳಿಯಲ್ಲ. ಹೀಗೆ ವರ್ಷ ವರ್ಷ ಒಂದಿಷ್ಟು ಮೇಲಕ್ಕೆ. ಹೊಲ ಪ್ರತಿ ವಸಂತಕ್ಕೂ ಕಲ್ಲು ಹೆರುತ್ತೆ ಅಂದ್ರೂ ತಪ್ಪಿಲ್ಲ. ಉಳುವವರು ಅವನ್ನ ಹೆಕ್ಕಿ ಅಂಚಿಗೆ ಪೇರಿಸಿದರು. 1827ರ ಭೂಸುಧಾರಣೆ ಕಾಯ್ದೆಯಿಂದ ಚೂರುಚೂರಾಗಿದ್ದ ಹಿಡುವಳಿಗಳು ಒಗ್ಗೂಡಿ ಹೊಸ ಗಡಿಗಳು ಬಂದ ಮೇಲೆ 19ನೇ ಶತಮಾನದಲ್ಲಿ ಇಂಥ ಪಾಗಾರಗಳು ಸಾಲುಸಾಲಾಗಿ ಎದ್ದವು. ಗಾರೆ ಇಲ್ಲ, ಸಿಮೆಂಟು ಇಲ್ಲ, ಒಂದರ ಭಾರಕ್ಕೆ ಇನ್ನೊಂದು. ಹಾವು, ಹಲ್ಲಿ, ಕಪ್ಪೆ, ದುಂಬಿ ಎಲ್ಲಕ್ಕೂ ಚಳಿಗಾಲದ ಮನೆ ಅದು. ಕೃಷಿಭೂಮಿಯಲ್ಲಿರುವ ಕಲ್ಲುಪಾಗಾರ ಸ್ವೀಡನ್ನಿನ ಪರಿಸರ ಕಾನೂನಿನಡಿ ಜೀವಿಗಳ ನೆಲೆ ಅಂತ ರಕ್ಷಿತ. ಮಾಲೀಕರೇ ಆದರೂ ಇಷ್ಟ ಬಂದಂತೆ ಕೀಳೋ ಹಾಗಿಲ್ಲ.

ಇದು ನಮಗೆ ಆವತ್ತು ಗೊತ್ತಿರಲಿಲ್ಲ. ಟ್ರ್ಯಾಕ್ಟರಿನಿಂದ ಇಳಿದವರಿಗೆ ಗೊತ್ತಿತ್ತು.

ಎಪ್ಪತ್ತು ದಾಟಿದ ಮನುಷ್ಯ. ಕೂಗಾಡಲಿಲ್ಲ. ಹತ್ತಿರ ಬಂದು, ನಮ್ಮ ಕಾಲ ಬಳಿ ಬಿದ್ದಿದ್ದ ಮೂರು ಕಲ್ಲು ನೋಡಿ, “ಏನು ಹುಡುಕ್ತಾ ಇದ್ದೀರಿ?” ಅಂದರು. ಒಂದು ಮಾತು ನಡುವೆ: ಸ್ವೀಡಿಷ್‌ನಲ್ಲಿ ಈಗ ಎಲ್ಲರಿಗೂ ಏಕವಚನವೇ. 1960ರ ದಶಕದ ಕೊನೆಗೆ ಅಲ್ಲಿ ಬಹುವಚನದ ಮರ್ಯಾದೆ, ಬಿರುದುಗಳೆಲ್ಲ ಬಿದ್ದುಹೋಗಿ ಮಕ್ಕಳಿಂದ ಮಂತ್ರಿವರೆಗೂ ‘ದು’, ಅಂದರೆ ‘ನೀನು’ ಅಂತಾಯ್ತು. ನಾವು ನಾಲ್ಕು ಜನ ಇದ್ದದ್ದಕ್ಕೆ ಬಹುವಚನ ಸಿಕ್ಕಿತು ಅಷ್ಟೇ. ಕಥೆ ಹೇಳುವಾಗ ನಾವು ಆ ಹಿರಿಯರನ್ನ ‘ಅವರು’ ಅಂತಲೇ ಹೇಳ್ತೀವಿ, ನಮ್ಮ ನಾಲಿಗೆಗೆ ಬೇರೆ ಬರಲ್ಲ.

ಜಿಯೋಕ್ಯಾಶ್ ಅಂದೆವು. ಅವರು ತಲೆ ಆಡಿಸಿದರು. ಅವರಿಗೆ ಗೊತ್ತಿತ್ತು, ಡಬ್ಬಿ ಇಟ್ಟವರು ಅವರನ್ನ ಕೇಳಿಯೇ ಇಟ್ಟಿದ್ದರು. “ಒಪ್ಪಿದ್ದು ಪೊದೆಗೆ, ಪಾಗಾರಕ್ಕಲ್ಲ” ಅಂದು ನಮ್ಮ ಹಿಂದಿನ ಜುನಿಪರ್ ಗಿಡ ತೋರಿಸಿದರು. ಪಾಗಾರದಿಂದ ಹೆಜ್ಜೆ ಹಾಕಿ ನೋಡಿದರೆ ಸರಿಯಾಗಿ ಆರು ಮೀಟರ್. ಬೇಸಿಗೆಯಿಡೀ ಜನ ಬಂದು ಕಲ್ಲು ಕಿತ್ತಿದ್ದಾರಂತೆ. ಅಲ್ಲಿಂದ ಹತ್ತು ಮೀಟರಿನುದ್ದಕ್ಕೆ ಪಾಗಾರದ ನೆತ್ತಿ ಕುಸಿದಿತ್ತು, ನಾವು ಮೊದಲಿಗರೇನಲ್ಲ. “ಈ ವಾರ ಅವರಿಗೆ ಫೋನ್ ಮಾಡಿ ಡಬ್ಬಿ ತೆಗೆದುಕೊಂಡು ಹೋಗಿ ಅಂತ ಹೇಳೋನಿದ್ದೆ” ಅಂದರು. ಕೋಪದಿಂದಲ್ಲ, ಬೇಜಾರಿನಿಂದ. ಆ ಬೇಜಾರೇ ಜಾಸ್ತಿ ಚುಚ್ಚಿತು.

ಎಲ್ಲರ ಹಕ್ಕಿನ ಬಗ್ಗೆ ಈಗ ಹೇಳಬಹುದು. ಅಲ್ಲೆಮನ್ಸ್‌ರೆಟ್ಟೆನ್ ಬಹಳ ಕಾಲದ ರೂಢಿ. 1994ರಿಂದ ಸ್ವೀಡನ್ನಿನ ಸಂವಿಧಾನದಲ್ಲೂ ಅದರ ಉಲ್ಲೇಖ ಇದೆ. ಖಾಸಗಿ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಅಣಬೆ ಕೀಳಬಹುದು, ಒಂದೆರಡು ರಾತ್ರಿ ಡೇರೆ ಹಾಕಬಹುದು, ಯಾರನ್ನೂ ಕೇಳಬೇಕಿಲ್ಲ. ಸಾಗರದ ಅಜ್ಜಿಗೆ ಇದು ನಂಬಲಿಕ್ಕೇ ಆಗಲಿಲ್ಲ. ಅವರ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಹಕ್ಕು ಉಂಟು, ಆದರೆ ಯಾವ ತೋಟಕ್ಕೆ ಯಾವ ಬೆಟ್ಟ ಅನ್ನೋದು ನಿಗದಿ. ಇಲ್ಲಿ ನೋಡಿದರೆ ಮೂರು ತಿಂಗಳಿಗೆ ಬಂದ ಅಜ್ಜಿಯೂ ಲಿಂಗಾನ್ ಹಣ್ಣು ಚೀಲ ತುಂಬಿಸ್ಕೋಬಹುದು. ತುಂಬಿಸ್ಕೊಂಡರು ಕೂಡ. ಅದರ ಉಪ್ಪಿನಕಾಯಿ ಹೇಗಿತ್ತು ಅನ್ನೋದು ಈ ಸಂಚಿಕೆಯ ವ್ಯಾಪ್ತಿಗೆ ಬರಲ್ಲ.

ಆ ಹಕ್ಕಿನ ಜೊತೆಗೇ ಶಾಲೆ ಮಕ್ಕಳಿಗೆಲ್ಲ ಬಾಯಿಪಾಠವಾಗಿರೋ ಒಂದು ಮಾತಿದೆ, ಇಂತೆ ಸ್ತೋರಾ, ಇಂತೆ ಫೋರ್‌ಸ್ತೋರಾ. ನಮ್ಮ ಮಾತಲ್ಲಿ ಕಾಡಬೇಡ, ಕೆಡಿಸಬೇಡ. ಮನೆಯಂಗಳಕ್ಕೆ ಹೋಗೋ ಹಾಗಿಲ್ಲ. ಬೇಲಿ ಇಲ್ಲದಿದ್ದರೂ ಮನೆಯವರ ಕಣ್ಣಳತೆಯ ಜಾಗ ಅವರದೇ. ಬೆಳೆ ಇರುವ ಹೊಲ ತುಳಿಯೋ ಹಾಗಿಲ್ಲ, ಇದರಲ್ಲಿ ನಮ್ಮಂಥವರು ಮೋಸ ಹೋಗೋದು ಸುಲಭ. ಸೆಪ್ಟೆಂಬರಿನಲ್ಲಿ ಎಳೆ ಹುಲ್ಲಿನ ಹಾಗೆ ಕಾಣೋದು ಚಳಿಗಾಲದ ಗೋಧಿಯ ಮೊಳಕೆ ಇರಬಹುದು. ಹಸುಗಳ ಕಾವಲಿನ ಗೇಟು ತೆರೆದರೆ ಮುಚ್ಚಿಯೇ ಹೋಗಬೇಕು. ಇದನ್ನ ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, “ಉಣಗೋಲು ತೆಗೆದವರು ಹಾಕದೆ ಹೋದರೆ ದನ ತೋಟಕ್ಕೆ ನುಗ್ಗದಾ?” ಅಂತ ಎಲ್ಲರಿಗಿಂತ ಹಿಂದೆ ನಿಂತು ಅವರೇ ಚಿಲಕ ಹಾಕಿದರು. ರಾಷ್ಟ್ರೀಯ ಉದ್ಯಾನ, ಸಂರಕ್ಷಿತ ಪ್ರದೇಶಗಳಿಗೆ ತಮ್ಮದೇ ನಿಯಮಗಳಿರುತ್ತವೆ, ಅಲ್ಲಿ ಮೊದಲು ಫಲಕ ಓದಬೇಕು.

ಗಮನಿಸಿ, ಈ ಹಕ್ಕು ನಡೆಯೋಕೆ. ಇನ್ನೊಬ್ಬರ ಜಾಗದಲ್ಲಿ ಡಬ್ಬಿ ಬಿಟ್ಟು ಬರೋಕಲ್ಲ. ಡಬ್ಬಿ ಇಡುವವರು ಜಮೀನಿನವರನ್ನ ಕೇಳಿಯೇ ಇಡಬೇಕು ಅಂತ ಆಟದ ನಿಯಮವೂ ಹೇಳುತ್ತೆ. ನೆಲ ಅಗೆದು ಹೂಳೋ ಹಾಗಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು, ಮೈಲಿಯ ಹತ್ತನೇ ಒಂದು ಭಾಗ. ತಿನ್ನೋ ಪದಾರ್ಥ ಇಡಬಾರದು, ಪ್ರಾಣಿಗಳು ವಾಸನೆ ಹಿಡಿದು ಡಬ್ಬಿ ಕಚ್ಚಿ ಹಾಕ್ತವೆ. ಡಬ್ಬಿಯಲ್ಲಿ ಆಟಿಕೆ ಇದ್ದು ಮಗು ಒಂದನ್ನ ತಗೊಂಡರೆ, ಅಷ್ಟೇ ಬೆಲೆಯದ್ದೋ ಮೇಲಿನದ್ದೋ ಒಂದು ಇಡಬೇಕು. ಸಿಗದಿದ್ದರೆ ಸಿಗಲಿಲ್ಲ ಅಂತ ದಾಖಲಿಸಬೇಕು. ಕೆಲವರು ಸಿಗಲಿಲ್ಲ ಅನ್ನೋಕೆ ನಾಚಿಕೊಂಡು ಜೇಬಿನಿಂದ ತಮ್ಮದೇ ಡಬ್ಬಿ ತೆಗೆದಿಟ್ಟು ಸಹಿ ಹಾಕಿ ಹೋಗ್ತಾರೆ, ಆಮೇಲೆ ಒಂದೇ ಜಾಗದಲ್ಲಿ ಎರಡೆರಡು ಡಬ್ಬಿ. ನಮ್ಮ ಮಟ್ಟಿಗೆ ಇದು ಕಲ್ಲು ಕೀಳೋದಕ್ಕಿಂತ ಏನೂ ಕಮ್ಮಿ ತಪ್ಪಲ್ಲ. “ಸಿಗಲಿಲ್ಲ” ಅನ್ನೋ ನಾಲ್ಕು ದಾಖಲೆ ಸಾಲಾಗಿ ಬಿದ್ದರೆ ಮಾಲೀಕರಿಗೆ ಏನೋ ಆಗಿದೆ ಅಂತ ಗೊತ್ತಾಗುತ್ತೆ. ವಿಜ್ಞಾನದಲ್ಲೂ ಹಾಗೇ ಅಲ್ವಾ, ಸಿಗಲಿಲ್ಲ ಅನ್ನೋದೂ ಒಂದು ಫಲಿತಾಂಶ.

ನಾವು ಕ್ಷಮೆ ಕೇಳಿ ಕಲ್ಲು ವಾಪಸ್ ಇಡೋಕೆ ಹೊರಟೆವು. ಅವರು ತಡೆದರು. “ಹಾಗಲ್ಲ” ಅಂದು ಒಂದು ಕಲ್ಲನ್ನ ತಿರುಗಿಸಿ ತೋರಿಸಿದರು. ಒಂದು ಮುಖದ ಮೇಲೆ ಹಸಿರು ಹಳದಿ ಚುಕ್ಕೆ, ಅದರ ಸುತ್ತ ಕಪ್ಪು ಗೆರೆ, ಥೇಟ್ ಭೂಪಟದ ಹಾಗೆ. ಇನ್ನೊಂದು ಮುಖ ಬೋಳು. ಚುಕ್ಕೆ ಇದ್ದ ಮುಖ ಹೊರಗೆ ಬರಬೇಕು, ಬೋಳು ಒಳಗೆ. ಅಜ್ಜಿ ಬಗ್ಗಿ ನೋಡಿ, “ಇದು ನಮ್ಮ ಕಲ್ಲುಹೂವಲ್ದಾ?” ಅಂದರು.

ಸಂಬಂಧಿಕರೇ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಎಲೆಯಂಥ ಬೇರೆ ಜಾತಿ, ಆದರೆ ಇದೂ ಅದೇ ಬಗೆಯ ಜೀವಿ. ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತೆ. ಭೂಪಟದಂತೆ ಕಾಣುವ ಈ ಜಾತಿಯ ಹೆಸರು ರೈಜೊಕಾರ್ಪನ್ ಜಿಯೊಗ್ರಾಫಿಕಮ್. ಬೆಳೆಯುವ ವೇಗ ಅನೇಕ ಕಡೆ ವರ್ಷಕ್ಕೆ ಅರ್ಧ ಮಿಲಿಮೀಟರ್, ಅಥವಾ ಅದಕ್ಕೂ ಕಮ್ಮಿ. ಎಷ್ಟು ನಿಧಾನ ಅಂದ್ರೆ, ಹಿಮನದಿ ಹಿಂದೆ ಸರಿದು ಬಂಡೆ ಬಯಲಾದದ್ದು ಯಾವಾಗ ಅಂತ ತಿಳಿಯೋಕೆ ಭೂವಿಜ್ಞಾನಿಗಳು ಇದರ ಅಗಲ ಅಳೀತಾರೆ. ನಮ್ಮ ಕೈಲಿದ್ದ ಕಲ್ಲಿನ ಚುಕ್ಕೆ ಅಂಗೈಯಷ್ಟಿತ್ತು. ಅದನ್ನ ಕತ್ತಲೆಗೆ ತಿರುಗಿಸಿ ಇಟ್ಟರೆ ಪಾಚಿಗೆ ಬೆಳಕಿಲ್ಲ, ಸಂಸಾರ ಮುಗೀತು. ಕಾಡಿನ ನೆಲದ ಮೇಲೆ ಬಿಳಿ ಸ್ಪಂಜಿನ ಹಾಗೆ ಹಾಸಿರುವ ಹಿಮಸಾರಂಗದ ಕಲ್ಲುಹೂವೂ ಅಷ್ಟೇ, ವರ್ಷಕ್ಕೆ ಕೆಲವೇ ಮಿಲಿಮೀಟರ್. ಒಣಗಿದಾಗ ತುಳಿದರೆ ಹಪ್ಪಳದ ಹಾಗೆ ಪುಡಿಯಾಗುತ್ತೆ. ಜನಪ್ರಿಯ ಡಬ್ಬಿಯ ಸುತ್ತ ಹುಡುಕುವವರು ತುಳಿದೂ ತುಳಿದೂ ಆದ ಬೋಳು ದಾರಿ ಮಾಯಲು ದಶಕಗಳು ಬೇಕು.

ಅರ್ಧ ಗಂಟೆ ಎಲ್ಲರೂ ಸೇರಿ ಕಲ್ಲು ಇಟ್ಟೆವು. ನಾವು ಕಿತ್ತ ಮೂರಲ್ಲ, ಬೇಸಿಗೆಯಲ್ಲಿ ಬೇರೆಯವರು ಕೆಡವಿದ್ದನ್ನೂ. ಆ ಹಿರಿಯರು ಕಲ್ಲು ಆರಿಸಿಕೊಡೋರು, ನಾವು ಇಡೋರು. ನಮ್ಮ ಎಂಟು ವರ್ಷದ ಹುಡುಗಿ ಮೊದಲು ಜುನಿಪರ್ ಪೊದೆಗೆ ಕೈ ಹಾಕಿ ಡಬ್ಬಿ ಹಿಡಿದೆಳೆದು ಕುಣಿದಳು, ಹಸಿರು ಬಣ್ಣ ಬಳಿದ ದಪ್ಪ ಪ್ಲಾಸ್ಟಿಕ್ ಕೊಳವೆ ಅದು. ಸೋಡಾ ಬಾಟಲಿ ಊದುವ ಮುಂಚಿನ ರೂಪ, ಮುಚ್ಚಳ ಗಟ್ಟಿ, ನೀರು ನುಗ್ಗಲ್ಲ ಅಂತ ಯುರೋಪಿನಲ್ಲಿ ಬಹಳ ಜನ ಅದನ್ನೇ ಬಳಸ್ತಾರೆ.

ಅಷ್ಟರಲ್ಲಿ ಅಜ್ಜಿ ಹುಡುಗಿಯನ್ನ ಹಿಡಿದು ನಿಲ್ಲಿಸಿ ಕಾಲಿನ ಹಿಂದೆ, ಮೊಣಕಾಲಿನ ಮಡಿಕೆ ನೋಡೋಕೆ ಶುರು ಮಾಡಿದರು. “ಹುಲ್ಲಲ್ಲಿ ಕೂತಿದ್ಯಲೆ, ಉಣುಗು ಹತ್ತಿರ್ತದೆ.” ಹತ್ತಿತ್ತು. ಎಳ್ಳಿಗಿಂತ ಸಣ್ಣದು.

ಇಲ್ಲಿ ದಯವಿಟ್ಟು ಸ್ವಲ್ಪ ಗಮನ ಕೊಡಿ, ಸ್ವೀಡನ್ನಿನ ಸುತ್ತ ಇರುವ ಕೇಳುಗರಂತೂ. ಸಾಗರ ಸೊರಬದ ಕಡೆಯವರಿಗೆ ಉಣುಗು ಅಂದರೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸಿನಿಂದ ಬರುವ ರೋಗ ಅದು. ಸ್ಟಾಕ್‌ಹೋಮ್, ಉಪ್ಸಾಲದ ಸುತ್ತ ಉಣುಗು ಹರಡುವ ಟಿಬಿಇ ಎಂಬ ಮಿದುಳುಜ್ವರದ ವೈರಸ್ಸೂ ಇದೇ ಕುಟುಂಬದ್ದು, ಹತ್ತಿರದ ದಾಯಾದಿ. ಉಣುಗಿನ ಜಾತಿ ಬೇರೆ, ಆಚಾರ ಒಂದೇ, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾಯುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಟಿಬಿಇಗೆ ಒಳ್ಳೆಯ ಲಸಿಕೆ ಇದೆ. ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೀತಿದೆ. ಸ್ವೀಡನ್ನಿನ ಉಣುಗು ಇನ್ನೊಂದನ್ನೂ ಹರಡುತ್ತೆ, ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ. ಅದು ಉಣುಗಿನ ಹೊಟ್ಟೆಯಿಂದ ನಮ್ಮೊಳಗೆ ದಾಟೋಕೆ ಸಾಮಾನ್ಯವಾಗಿ ಒಂದು ದಿನದ ಹತ್ತಿರ ಹಿಡಿಯುತ್ತೆ, ಬೇಗ ಕಿತ್ತರೆ ಬಚಾವಾಗುವ ಸಾಧ್ಯತೆ ಹೆಚ್ಚು. ಟಿಬಿಇ ವೈರಸ್ ಹಾಗಲ್ಲ, ಅದು ಎಂಜಲಿನಲ್ಲೇ ಇರೋದರಿಂದ ಕಚ್ಚಿದ ಕೂಡಲೇ ದಾಟಬಹುದು. ಅದಕ್ಕೆ ಲಸಿಕೆಯೇ ದಾರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಏನೂ ಬೇಡ, ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀಬೇಕು. ಆಮೇಲಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ವೈದ್ಯರ ಹತ್ತಿರ ಹೋಗಿ. ನಮ್ಮ ಹುಡುಗಿಗೆ ಲಸಿಕೆ ಆಗಿತ್ತು, ಉಂಗುರ ಬರಲಿಲ್ಲ. ಪೊದೆಯಲ್ಲಿ ಕೈ ಹಾಕುವ ಆಟ ಅಂತ ಗೊತ್ತಿದ್ದೂ ಉದ್ದ ಸಾಕ್ಸ್ ಹಾಕಿಸದೆ ಕರ್ಕೊಂಡು ಹೋಗಿದ್ದು ನಮ್ಮ ಬುದ್ಧಿವಂತಿಕೆ.

ಇನ್ನೊಂದು ಎಚ್ಚರಿಕೆ ಆ ಹಿರಿಯರೇ ಕೊಟ್ಟದ್ದು. ದಕ್ಷಿಣ ಮತ್ತು ಮಧ್ಯ ಸ್ವೀಡನ್ನಿನಲ್ಲಿ ಮೂಸ್ ಬೇಟೆ ಶುರುವಾಗೋದು ಅಕ್ಟೋಬರ್‌ನ ಎರಡನೇ ಸೋಮವಾರ, ಉತ್ತರದಲ್ಲಿ ಸೆಪ್ಟೆಂಬರಿನಲ್ಲೇ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ ಅದು, ಬೇಟೆಗೆ ಬಂದೂಕೂ ದೊಡ್ಡದು. ಆ ದಿನಗಳಲ್ಲಿ ಕಾಡಿಗೆ ಹೋದರೆ ಕಿತ್ತಳೆ ಬಣ್ಣದ ಅಂಗಿ, ಬೇಟೆ ನಡೆಯುತ್ತಿದೆ ಅಂತ ದಾರಿಯಲ್ಲಿ ಫಲಕ ಕಂಡರೆ ಅಲ್ಲಿಂದಲೇ ವಾಪಸ್. ಪೊದೆಯೊಳಗೆ ಬಗ್ಗಿ ಅಲುಗಾಡುವ ಕಂದು ಜಾಕೆಟ್ಟು ದೂರದಿಂದ ಯಾವ ಪ್ರಾಣಿಯಾದರೂ ಆಗಬಹುದು.

ಹೊರಡುವ ಮುಂಚೆ ಒಂದು ಪ್ರಸ್ತಾಪ ಇಟ್ಟೆವು. ಡಬ್ಬಿ ತೆಗೆಸಬೇಡಿ, ನಿರ್ದೇಶಾಂಕವನ್ನೇ ಸರಿ ಮಾಡೋಣ, ಇಟ್ಟವರಿಗೆ ನಾವೇ ಬರೀತೀವಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಜುನಿಪರ್ ಪಕ್ಕ ನಿಂತು ಒಂದೇ ನಿಮಿಷದಲ್ಲಿ ನೂರು ಅಳತೆ ತೆಗೆದು ಸರಾಸರಿ ಹಾಕಿದರೆ ಏನೂ ಲಾಭ ಇಲ್ಲ. ಆ ನಿಮಿಷದಲ್ಲಿ ಉಪಗ್ರಹಗಳು ಹೆಚ್ಚುಕಮ್ಮಿ ಅಲ್ಲೇ ಇರ್ತವೆ, ಸಂಕೇತ ಅದೇ ಮರಕ್ಕೆ ತಾಗಿ ಪುಟಿದು ಬರ್ತಿರುತ್ತೆ, ನೂರು ಅಳತೆಗೂ ಒಂದೇ ತಪ್ಪು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆದರೆ ತಪ್ಪುಗಳು ಬೇರೆ ಬೇರೆ ದಿಕ್ಕಿಗೆ ಬಿದ್ದು ಸರಾಸರಿಯಲ್ಲಿ ಒಂದನ್ನೊಂದು ಹೊಡೆದು ಹಾಕ್ತವೆ. ನಾವು ಮೂರು ವಾರಾಂತ್ಯ ಹೋಗಿ ಅಳೆದೆವು. ಎರಡನೇ ಸಲ ಹೋದಾಗ ಕಾಫಿ ಸಿಕ್ಕಿತು, ದಾಲ್ಚಿನ್ನಿ ಬನ್ನು ಸಮೇತ.

ಆ ಕಾಫಿಯ ಹೊತ್ತಿಗೆ ಹಿರಿಯರು ಒಂದು ವಿಷಯ ಹೇಳಿದರು. ಅವರ ಕೆಳಗಿನ ಗದ್ದೆ ಒಂದು ಕಾಲಕ್ಕೆ ಕೊಲ್ಲಿಯ ತಳವಾಗಿತ್ತಂತೆ. ಇದು ಅಜ್ಜಿಕಥೆ ಅಲ್ಲ. ಹಿಮದ ಹಾಳೆಯ ಭಾರ ಇಳಿದ ಮೇಲೆ ಇಲ್ಲಿನ ನೆಲ ಇವತ್ತಿಗೂ ಮೇಲೇಳ್ತಾ ಇದೆ. ಬೋತ್ನಿಯಾ ಕೊಲ್ಲಿಯ ದಂಡೆಯಲ್ಲಿ ವರ್ಷಕ್ಕೆ ಒಂದು ಸೆಂಟಿಮೀಟರಿನ ಹತ್ತಿರ, ಉಪ್ಸಾಲದ ಸುತ್ತ ಅದರ ಅರ್ಧದಷ್ಟು. ಇದನ್ನ ಅಳೆಯೋಕೆ ಮೊದಲ ಗುರುತು ಕೆತ್ತಿದವರಲ್ಲಿ ಒಬ್ಬರು ಉಪ್ಸಾಲದ ಆಂಡರ್ಸ್ ಸೆಲ್ಸಿಯಸ್, ಹೌದು, ಥರ್ಮಾಮೀಟರಿನ ಸೆಲ್ಸಿಯಸ್ಸೇ. 1731ರಲ್ಲಿ ಯೆವ್ಲೆ ಊರಿನ ಹತ್ತಿರದ ಲೋವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ ಸಮುದ್ರದ ಮಟ್ಟಕ್ಕೆ ಒಂದು ಗೆರೆ ಕೆತ್ತಿಸಿದರು. ಆ ಗೆರೆ ಈಗ ನೀರಿಗಿಂತ ಬಹಳ ಮೇಲಿದೆ. ನೀರೇ ಕಮ್ಮಿಯಾಗ್ತಿದೆ ಅಂತ ಅವರು ತಿಳಿದಿದ್ದರು, ಕಾರಣ ತಪ್ಪು, ಅಳತೆ ಸರಿ. ನಮಗೆ ಅವರು ಜಿಯೋಕ್ಯಾಶರ್‌ಗಳ ಪೂರ್ವಜರ ಹಾಗೆ ಕಾಣ್ತಾರೆ: ಒಂದು ಜಾಗಕ್ಕೆ ಗುರುತು ಹಾಕಿ, ಮುಂದಿನವರು ಬಂದು ನೋಡಲಿ ಅಂತ ಬಿಟ್ಟು ಹೋದವರು.

ನೆಲ ಏಳೋದು ಮಾತ್ರ ಅಲ್ಲ, ಸರಿಯುತ್ತೆ ಕೂಡ. ಯುರೇಷಿಯಾದ ಫಲಕದ ಜೊತೆ ಸ್ವೀಡನ್ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗ್ತಿದೆ. 2000ದಲ್ಲಿ ಬಚ್ಚಿಟ್ಟ ಡಬ್ಬಿ ಅಲುಗಾಡದೆ ಇದ್ದರೂ ಈಗ ಅರ್ಧ ಮೀಟರಿಗಿಂತ ಹೆಚ್ಚು ದೂರ ಪ್ರಯಾಣ ಮಾಡಿದೆ. ಬೆಂಗಳೂರಿನಲ್ಲಿ ಇಟ್ಟಿದ್ದರೆ ಒಂದೂಕಾಲು ಮೀಟರ್, ಭಾರತದ ಫಲಕಕ್ಕೆ ಅವಸರ ಜಾಸ್ತಿ. ಫೋನಿನ ತಪ್ಪಿನ ಮುಂದೆ ಇದು ಇನ್ನೂ ಸಣ್ಣದು. ಆದರೆ ಸೆಂಟಿಮೀಟರ್ ನಿಖರತೆಯ ಉಪಕರಣಗಳು ಎಲ್ಲರ ಕೈಗೆ ಬಂದ ದಿನ ಈ ಲೆಕ್ಕವನ್ನೂ ಹಾಕಬೇಕಾಗುತ್ತೆ.

ಡಬ್ಬಿ ಇಟ್ಟವರು ನಮ್ಮ ಪತ್ರಕ್ಕೆ ಎರಡೇ ದಿನದಲ್ಲಿ ಉತ್ತರ ಬರೆದರು. ನಿರ್ದೇಶಾಂಕ ಬದಲಾಯ್ತು, ಪುಟದ ಮೊದಲ ಸಾಲಿನಲ್ಲೇ “ಪಾಗಾರ ಮುಟ್ಟಬೇಡಿ, ಅಲ್ಲಿಲ್ಲ” ಅಂತ ಸೇರಿತು. ಅಲ್ಲಿಂದ ಈಚೆಗೆ ಕಲ್ಲು ಬಿದ್ದಿಲ್ಲ ಅಂತ ಹಿರಿಯರು ಹೇಳ್ತಾರೆ. ಆದರೆ ಚಳಿಗಾಲ ಕಳೆದ ಮೇಲೆ ನೋಡಿದಾಗ ನಾವು ಕೂರಿಸಿದ ಕಲ್ಲುಗಳಲ್ಲಿ ಎರಡು ಹೊರಕ್ಕೆ ವಾಲಿದ್ದವು. ಅವರ ಅಜ್ಜ ಇಟ್ಟವು ಮಾತ್ರ ಇದ್ದ ಹಾಗೇ ಇದ್ದವು.

ಡಬ್ಬಿಯ ಪುಸ್ತಕದ ಬಗ್ಗೆ ಕೇಳಿದವರಿಗೆ: ಜಿಯೋಕ್ಯಾಶರ್‌ಗಳು ಸಾಮಾನ್ಯವಾಗಿ ಬರೆಯೋದು ಟಿ.ಎಫ್.ಟಿ.ಸಿ. ಅಂತ, ಥ್ಯಾಂಕ್ಸ್ ಫಾರ್ ದ ಕ್ಯಾಶ್. ಪೆನ್ಸಿಲ್ಲೇ ಒಯ್ಯಿರಿ, ಚಳಿಗೆ ಪೆನ್ನಿನ ಶಾಯಿ ಕೈ ಕೊಡುತ್ತೆ. ಉದ್ದನೆಯ ಸುರುಳಿ ಕಾಗದದಲ್ಲಿ ಸ್ವೀಡಿಷ್ ಮತ್ತು ಜರ್ಮನ್ ಹೆಸರುಗಳ ಕೆಳಗೆ ನಮ್ಮ ಹುಡುಗಿ ಕನ್ನಡದಲ್ಲೇ ದಿನಾಂಕ ಹಾಕಿ ಬರೆದಿದ್ದಾಳೆ, “ಸಿಕ್ತು. ಅಜ್ಜಿಗೆ ಉಣುಗು ಸಿಕ್ತು.”